ಹಂಚಿನ ಮಾಡಿನ ಸೆಕೆಗೆ ಮೂರು ದಾರಿ: ಬಬಲ್ ಶೀಟ್, ತಗಡು, ಸೀಲಿಂಗ್ ಹಂಚು

ಎ.ಸಿ. ಇಲ್ಲದೆ ಫ್ಯಾನಿನಲ್ಲೇ ಬೇಸಿಗೆ ಕಳೆಯುವವರ ಹಳೆಯ ಹಂಚಿನ ಮನೆಗೆ ಸೀಲಿಂಗ್ ಹಂಚೇ, ಅಂದರೆ ಮಾಡಿನ ಹಂಚಿನ ಅಡಿಗೆ ಹಾಕುವ ಚಪ್ಪಟೆ ಹಂಚೇ, ಸರಿ. ಒಂದೇ ಮನೆಗೆ ಮೂರನ್ನೂ ಹಾಕಿಸಿ, ಎರಡು ಬೇಸಿಗೆ ಎರಡು ಮಳೆಗಾಲ ನೋಡಿದ ಮೇಲಿನ ಮಾತು ಇದು. ಮಲಗುವ ಕೋಣೆಯ ಮೇಲೆ ಬಬಲ್ ಶೀಟ್, ಅಡುಗೆಮನೆ ಮತ್ತು ಬಚ್ಚಲಿನ ಮೇಲೆ ಹಂಚಿನ ಅಡಿಗೆ ಬಣ್ಣದ ತಗಡು, ಚಾವಡಿಗೆ ಸೀಲಿಂಗ್ ಹಂಚು. ಉಡುಪಿ ಕಡೆಯ ಮನೆ, ಮುರಕಲ್ಲಿನ ಗೋಡೆ, ತಾಳೆಮರದ ಪಕ್ಕಾಸು (ನೆತ್ತಿಯಿಂದ ಗೋಡೆಗೆ ಇಳಿಯುವ ಮಾಡಿನ ಮರ). ಮುಚ್ಚಿಗೆ ಇಲ್ಲ. ಹಲಗೆಯ ಮೇಲೆ ಮಣ್ಣು ಹಾಕಿದ ಹಳೆಯ ಮುಚ್ಚಿಗೆ ನಿಮ್ಮಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಈ ಮೂರೂ ಬೇಡ, ಅದನ್ನು ಕೀಳಿಸಬೇಡಿ.

ಮನೆಗೆ ಇನ್ಸುಲೇಷನ್ ಮಾಡಿಸುವ ಬಗ್ಗೆ ಹುಡುಕಿದರೆ ಸಿಗುವುದೆಲ್ಲ ಚಳಿ ದೇಶದ ಲೆಕ್ಕ. ಅಲ್ಲಿ ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಒಳಗೆ 20 ಡಿಗ್ರಿ. ಆ 30 ಡಿಗ್ರಿ ಅಂತರವನ್ನು ಹಿಡಿದಿಡಲು ಮಾಡಿನಡಿಗೆ ಒಂದಡಿ ದಪ್ಪ ಗ್ಲಾಸ್‌ವುಲ್ (ಗಾಜಿನ ನಾರಿನ ಹತ್ತಿ) ತುಂಬುತ್ತಾರೆ. ಒಳಗಿನ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ಹೊರಬದಿಗೆ ಹೋಗಿ ನೀರಾಗದ ಹಾಗೆ ಒಳಬದಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಾರೆ. ನಮ್ಮಲ್ಲಿ ಎಲ್ಲ ಉಲ್ಟಾ. ಏಪ್ರಿಲಿನಲ್ಲಿ ಹೊರಗೆ 34 ಇದ್ದರೆ ಒಳಗಿನ ಗಾಳಿಗೂ ಅದಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಅಷ್ಟೆ. ಬೇಯಿಸುವುದು ಗಾಳಿಯಲ್ಲ, ಕಾದ ಹಂಚು. ಬಿಸಿಲು ಕುಡಿದ ಹಂಚು ಕೆಳಗೆ ಕೂತವರ ತಲೆಗೆ ನೇರ ಶಾಖ ಬೀರುತ್ತದೆ, ಒಲೆಯ ಎದುರು ಕೂತ ಹಾಗೆ. ಹಾಗಾಗಿ ಇಲ್ಲಿ ದಪ್ಪ ಹತ್ತಿ ಬೇಕಿಲ್ಲ. ಹಂಚಿಗೂ ನಮಗೂ ನಡುವೆ ಒಂದು ಮರೆ, ಆ ಮರೆಗೂ ಹಂಚಿಗೂ ನಡುವೆ ಗಾಳಿಯಾಡುವ ಜಾಗ, ಇಷ್ಟು ಸಾಕು. ಜೊತೆಗೆ ವರ್ಷಕ್ಕೆ ಮೂರೂವರೆ ಮೀಟರಿಗಿಂತ ಹೆಚ್ಚು ಸುರಿಯುವ ಮಳೆಗೆ ಆ ಮರೆ ಕೊಳೆಯಬಾರದು.

ಮೊದಲು ಬಬಲ್ ಶೀಟ್. ನಡುವೆ ಗಾಳಿಯ ಗುಳ್ಳೆ, ಎರಡೂ ಮೈಗೆ ಅಲ್ಯೂಮಿನಿಯಂ ಹೊಳಪು, ನಾಲ್ಕಡಿ ಅಗಲದ ರೋಲ್. ಶಾಖ ತಡೆಯುವುದು ಮುಖ್ಯವಾಗಿ ಗುಳ್ಳೆಯಲ್ಲ, ಹೊಳಪು. ಮಣ್ಣಿನ ಹಂಚು ತನ್ನ ಶಾಖವನ್ನು ಧಾರಾಳವಾಗಿ ಬೀರುತ್ತದೆ, ಅಲ್ಯೂಮಿನಿಯಂ ಅದರ ಹತ್ತರಲ್ಲೊಂದು ಪಾಲನ್ನೂ ಬೀರುವುದಿಲ್ಲ. ಆದರೆ ಹೊಳೆಯುವ ಮೈಯ ಎದುರು ಒಂದಂಗುಲವಾದರೂ ಖಾಲಿ ಜಾಗ ಇರಬೇಕು. ಹಂಚಿಗೆ ತಾಗಿದರೆ ಶಾಖ ನೇರ ದಾಟುತ್ತದೆ, ಹೊಳಪಿಗೆ ಬೆಲೆಯಿಲ್ಲ. ಮೇಲ್ಮೈಗೆ ಒಂದೆರಡು ವರ್ಷದಲ್ಲಿ ದೂಳು ಕೂರುತ್ತದೆ, ಕೆಳಮೈ ಮಾತ್ರ ಹೊಳೆಯುತ್ತಲೇ ಇರುತ್ತದೆ. ಆದ್ದರಿಂದ ಎರಡೂ ಬದಿ ಹೊಳಪಿರುವುದನ್ನೇ ತನ್ನಿ, ಒಂದು ಬದಿ ಬಿಳಿ ಪ್ಲಾಸ್ಟಿಕ್ ಇರುವ ಅಗ್ಗದ್ದು ಬೇಡ. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿಗೆ ಮೂರರಲ್ಲಿ ಗೆಲ್ಲುವುದು ಇದೇ. ಇದನ್ನು ಒಪ್ಪಲೇಬೇಕು.

ಸಮಸ್ಯೆ ರೀಪಿನದ್ದು, ಅಂದರೆ ಹಂಚು ಕೂರಲು ಪಕ್ಕಾಸಿನ ಮೇಲೆ ಅಡ್ಡ ಹೊಡೆಯುವ ಮರದ ಪಟ್ಟಿಯದ್ದು. ನಮ್ಮಲ್ಲಿ ಶೀಟ್ ಹಾಕುವವರು ಹಂಚು ಇಳಿಸಿ, ರೀಪು ಕಿತ್ತು, ಪಕ್ಕಾಸಿನ ಮೇಲೆ ಶೀಟ್ ಬಿಗಿಯಾಗಿ ಎಳೆದು, ಅದರ ಮೇಲೆಯೇ ಮತ್ತೆ ಅಡ್ಡ ರೀಪು ಹೊಡೆದು ಹಂಚು ಹೊದೆಸುತ್ತಾರೆ. ಅರ್ಧ ದಿನದ ಕೆಲಸ, ನೋಡಲಿಕ್ಕೂ ಚೆಂದ. ಆದರೆ ಹಂಚಿನ ಮಾಡು ಅಂದರೆ ನೀರು ಒಂದಿಷ್ಟೂ ದಾಟದ ಮಾಡಲ್ಲ. ಆಷಾಢದ ಗಾಳಿಮಳೆಗೆ ಎರಚಲು ಒಳಗೆ ಬರುತ್ತದೆ, ಮಂಗ ಹಾರಿ ಹಂಚು ಸರಿದರೆ ಇನ್ನೂ ಬರುತ್ತದೆ. ಶೀಟಿಲ್ಲದ ಕಾಲದಲ್ಲಿ ಆ ನೀರು ನಾಲ್ಕು ಹನಿ ಕೆಳಗೆ ಬಿದ್ದು, ಉಳಿದದ್ದು ಗಾಳಿಗೆ ಒಣಗುತ್ತಿತ್ತು. ಈಗ ಶೀಟಿನ ಮೇಲೆ ಇಳಿದು ಬಂದು ಮೊದಲ ರೀಪಿಗೆ ತಡೆಯುತ್ತದೆ. ತೋಡಿಗೆ ಕಟ್ಟ ಹಾಕಿದ ಹಾಗೆ ಪ್ರತಿಯೊಂದು ರೀಪೂ ಒಂದೊಂದು ಕಟ್ಟ. ಹತ್ತಡಿ ಇಳಿಜಾರಿನಲ್ಲಿ ಹತ್ತು ಕಟ್ಟ.

ನಿಂತ ನೀರಿಗೆ ಹೋಗಲು ಇರುವುದು ಒಂದೇ ದಾರಿ, ಮೊಳೆಯ ತೂತು. ಅಲ್ಲಿಂದ ಪಕ್ಕಾಸಿಗೆ ಇಳಿಯುತ್ತದೆ. ಪಕ್ಕಾಸಿನ ಮೇಲ್ಮೈಯನ್ನು ಶೀಟ್ ಮುಚ್ಚಿರುವುದರಿಂದ ಅದು ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗುವುದೇ ಇಲ್ಲ. ಮೊದಲ ಮಳೆಗಾಲ ಮುಗಿದು ಹಂಚು ತೆಗೆದಾಗ ಕಂಡದ್ದು: ಪ್ರತಿ ಮೊಳೆಯ ಸುತ್ತ ಕಾಸಿನಗಲ ತುಕ್ಕಿನ ಉಂಗುರ, ರೀಪಿನ ಕೆಳಮೈಗೆ ಕಪ್ಪು ಬಣ್ಣ, ಅದಕ್ಕಂಟಿದ ಬಿಳಿ ಬೂಸ್ಟು. ಸ್ಕ್ರೂಡ್ರೈವರ್ ಒತ್ತಿದರೆ ಹೊಸ ಮರದಲ್ಲಿ ಕಾಲಂಗುಲ ಇಳಿಯುತ್ತಿತ್ತು. ಕೆಳಗಿನಿಂದ ನೋಡಿದರೆ ಏನೂ ಗೊತ್ತಾಗುವಂತಿಲ್ಲ, ಬೆಳ್ಳಿಯ ಹಾಗೆ ಹೊಳೆಯುವ ಸೀಲಿಂಗ್!

ಸರಿಯಾದ ಕ್ರಮ ಇದೆ. ಶೀಟನ್ನು ಕೆಳ ಅಂಚಿನಿಂದ ಶುರು ಮಾಡಿ, ಮೇಲಿನದು ಕೆಳಗಿನದರ ಮೇಲೆ ಆರಂಗುಲ ಬರುವಂತೆ ಹಾಸಬೇಕು. ಪಕ್ಕಾಸಿನ ನಡುವೆ ಅರ್ಧ ಅಂಗುಲ ಜೋಲು ಬಿಡಬೇಕು. ಆಮೇಲೆ ಪ್ರತಿ ಪಕ್ಕಾಸಿನ ನೇರಕ್ಕೆ, ಮೇಲಿನಿಂದ ಕೆಳಗೆ, ಒಂದಂಗುಲ ದಪ್ಪದ ಉದ್ದ ಪಟ್ಟಿ ಹೊಡೆಯಬೇಕು. ಅಡ್ಡ ರೀಪು ಬರಬೇಕಾದದ್ದು ಆ ಪಟ್ಟಿಯ ಮೇಲೆ. ಆಗ ನೀರು ರೀಪಿನ ಅಡಿಯಿಂದ ಸಲೀಸಾಗಿ ಇಳಿಯುತ್ತದೆ, ಹಂಚಿಗೂ ಶೀಟಿಗೂ ನಡುವೆ ಬೇಕಾದ ಖಾಲಿ ಜಾಗವೂ ತಾನಾಗಿ ಸಿಗುತ್ತದೆ. ಶೀಟಿನ ಕೆಳತುದಿ ಗೋಡೆಯ ಮೇಲೆ ನಿಲ್ಲದೆ ದಂಬೆಯೊಳಗೆ (ಮಾಡಿನಂಚಿನ ನೀರಿನ ಕಾಲುವೆ) ಎರಡಂಗುಲ ಇಳಿಯಬೇಕು, ಇಲ್ಲದಿದ್ದರೆ ಅಷ್ಟೂ ನೀರು ಮುರಕಲ್ಲಿಗೆ.

ಇಲ್ಲಿಗೆ ಮುಗಿಯಿತೇ ಅಂದರೆ ಇಲ್ಲ. ಆ ಒಂದಂಗುಲ ಪಟ್ಟಿಯಿಂದ ಇಡೀ ಮಾಡು ಒಂದಂಗುಲ ಮೇಲೇಳುತ್ತದೆ. ಒಂದು ಕೋಣೆಗೆ ಮಾತ್ರ ಮಾಡಿಸಿದರೆ ಪಕ್ಕದ ಕೋಣೆಯ ಹಂಚಿಗೂ ಇದಕ್ಕೂ ಕೊಂಡಿ ಕೂರುವುದಿಲ್ಲ, ನಡುವೆ ಮೆಟ್ಟಿಲು ಬೀಳುತ್ತದೆ, ಆ ಸಂದಿನಲ್ಲೇ ಸೋರುತ್ತದೆ. ನೆತ್ತಿಯ ಹಂಚು ಒಂದು ಬದಿಗೆ ಓರೆಯಾಗುತ್ತದೆ. ದಂಬೆಯ ಕೊಕ್ಕೆಗಳನ್ನೆಲ್ಲ ಬದಲಿಸಬೇಕು. ಗೋಡೆಯ ಮೇಲಿನ ಹೊಸ ಸಂದಿಗೆ ಬಲೆ ಹೊಡೆಯದಿದ್ದರೆ ಇಲಿ ಒಳಗೆ, ಇಲಿಗೆ ಗುಳ್ಳೆಯ ಪ್ಲಾಸ್ಟಿಕ್ ಅಂದರೆ ಪ್ರೀತಿ. ಹದಿನೈದಡಿ ಉದ್ದದ ಕೋಣೆಗೆ ಎರಡಡಿಗೊಂದು ಪಕ್ಕಾಸು, ಹತ್ತಡಿ ಇಳಿಜಾರು ಇದ್ದರೆ ಒಂದೇ ಬದಿಗೆ ಹೆಚ್ಚುವರಿ ಪಟ್ಟಿ ಸುಮಾರು 90 ಅಡಿ. ಅಂದರೆ ಅಗ್ಗದ ಶೀಟ್ ಅಂತ ಹೊರಟದ್ದು ಪೂರ್ತಿ ಮಾಡು ಬಿಚ್ಚುವ ಕೆಲಸವಾಗುತ್ತದೆ. ಹೇಗೂ ಇಡೀ ಮಾಡು ಹೊಸದು ಮಾಡಿಸುವವರಾದರೆ ಇದನ್ನು ಯೋಚಿಸಿ. ಒಂದು ಕೋಣೆಗೆ ಅಂತಾದರೆ ಬೇಡವೇ ಬೇಡ.

ಎ.ಸಿ. ಇರುವವರಿಗೆ ಇನ್ನೊಂದು ಮಾತು. ಮಳೆ ಶುರುವಾಗುವ ಹೊತ್ತಿಗೆ ನಮ್ಮ ಗಾಳಿಯಲ್ಲಿ ಎಷ್ಟು ತೇವ ಅಂದರೆ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗಾದರೂ ನೀರು ಕಟ್ಟುತ್ತದೆ. ಎ.ಸಿ.ಯನ್ನು 22ಕ್ಕೆ ಇಟ್ಟ ಕೋಣೆಯ ಮೇಲಿನ ಶೀಟ್ ಹೊರಮೈಯಲ್ಲಿ ಬೆವರುತ್ತದೆ. ಅದನ್ನು ಮಾಡು ಸೋರುತ್ತಿದೆ ಎಂದುಕೊಂಡು ಹಂಚು ಬದಲಿಸುತ್ತಾ ಹೋದರೆ ಸಿಗುವುದೇನೂ ಇಲ್ಲ.

ಇನ್ನು ತಗಡು. ಹಂಚಿನ ಅಡಿಗೆ 0.5 ಮಿಲಿಮೀಟರಿನ ಬಣ್ಣದ ತಗಡು, ಅದರ ಏರಿನ ಮೇಲೆ ರೀಪು, ಮೇಲೆ ಹಂಚು. ನೀರಿನ ಮಟ್ಟಿಗೆ ಇದರಷ್ಟು ನಿಶ್ಚಿಂತೆ ಬೇರೆಯಿಲ್ಲ. ತಗಡಿನ ತಗ್ಗುಗಳೇ ಕಾಲುವೆ, ರೀಪಿನ ಕಟ್ಟದ ತಾಪತ್ರಯ ಇಲ್ಲ. ಮಂಗಗಳ ಕಾಟ ವಿಪರೀತ ಇರುವಲ್ಲಿ, ಹಂಚು ಹತ್ತುವವರೇ ಸಿಗದ ಊರಿನಲ್ಲಿ ಇದನ್ನೇ ಹಾಕಿಸಿ. ಸೆಕೆಗೆ ಮಾತ್ರ ಮೂರರಲ್ಲಿ ಕೊನೆ: ತಗಡಿನ ಬಣ್ಣ ಬಳಿದ ಕೆಳಮೈ ಹೊಳೆಯುವುದಿಲ್ಲ, ಶಾಖ ಬೀರುತ್ತದೆ, ಸಂದಿಯಿಲ್ಲದ್ದರಿಂದ ಬಿಸಿಗಾಳಿ ಮೇಲೆ ಹೋಗುವುದೂ ಇಲ್ಲ. ಸೌದೆ ಒಲೆಯ ಬಚ್ಚಲಿನ ಮೇಲೆ ಹಾಕಿದ್ದು ತಪ್ಪೇ ಆಯಿತು. ಹಂಡೆಯ ಹಬೆ ಜುಲೈ ಬೆಳಿಗ್ಗೆ ತಣ್ಣಗಿನ ತಗಡಿಗೆ ತಾಗಿ, ಮಸಿಯ ಜೊತೆ ಸೇರಿ ಕರಿನೀರಾಗಿ ತೊಟ್ಟಿಕ್ಕುತ್ತದೆ. ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿದ್ದಾಗ ಅದೇ ಹೊಗೆ ಪಕ್ಕಾಸಿಗೆ ಹುಳ ಬಾರದಂತೆ ಕಾಯುತ್ತಿತ್ತು.

ಹಾಕಿಸುವುದೇ ಆದರೆ ಸ್ಕ್ರೂ ಏರಿನ ಮೇಲೆ ಬರಲಿ, ರಬ್ಬರ್ ವಾಷರ್ ಚಪ್ಪಟೆಯಾಗುವಷ್ಟು ಬಿಗಿಯಬೇಡಿ. ಗ್ರೈಂಡರಿನಲ್ಲಿ ಕತ್ತರಿಸಲು ಬಿಡಬೇಡಿ, ಕಿಡಿಗೆ ಬಣ್ಣ ಸುಟ್ಟು ಉಪ್ಪುಗಾಳಿಗೆ ಅಂಚಿನಿಂದಲೇ ತುಕ್ಕು ಶುರುವಾಗುತ್ತದೆ. ಕೊರೆದ ಪುಡಿಯನ್ನು ಅದೇ ಸಂಜೆ ಗುಡಿಸಿ.

ಜಿಪ್ಸಂ ಫಾಲ್ಸ್ ಸೀಲಿಂಗ್, ಮೇಲೆ ಗ್ಲಾಸ್‌ವುಲ್: ಹಂಚಿನ ಮಾಡಿನಡಿಗೆ ಬೇಡ. ಒಂದು ಸೋರಿಕೆಗೆ ಎರಡೂ ಹಾಳು, ಸೋರಿದ್ದು ಎಲ್ಲಿ ಅಂತಲೂ ಕಾಣುವುದಿಲ್ಲ.

ಸೀಲಿಂಗ್ ಹಂಚು ಹೊಸದೇನಲ್ಲ. ರೀಪಿನ ಮೇಲೆ ಮೊದಲು ಚಪ್ಪಟೆಯ ಸೀಲಿಂಗ್ ಹಂಚು, ಅದರ ಮೇಲೆ ಮಾಮೂಲಿ ಮಂಗಳೂರು ಹಂಚು. ಎರಡರ ನಡುವಿನ ಜಾಗದಲ್ಲಿ ಗಾಳಿ ಕೆಳ ಅಂಚಿನಿಂದ ನೆತ್ತಿಗೆ ಹರಿಯುತ್ತದೆ. ಮಧ್ಯಾಹ್ನ ಬಬಲ್ ಶೀಟಿಗಿಂತ ಸ್ವಲ್ಪ ಹಿಂದೆ ನಿಜ, ಆದರೆ ರಾತ್ರಿ ಊಟದ ಹೊತ್ತಿಗೆ ಚಾವಡಿ ತಣ್ಣಗಾಗಿರುತ್ತದೆ. ಶೀಟಿನ ಕೋಣೆಯಲ್ಲಿ ಆಗಲೂ ಗಾಳಿ ಕಟ್ಟಿಕೊಂಡಿರುತ್ತದೆ. ಮಣ್ಣು ತೇವ ಕುಡಿಯುತ್ತದೆ, ಬಿಡುತ್ತದೆ, ಮರ ಉಸಿರಾಡುತ್ತದೆ. ಮಲಗುವ ಹೊತ್ತಿನ ತಂಪು ಬೇಕಾದವರಿಗೆ ಇದೇ ದೊಡ್ಡದು.

ಇದರಲ್ಲಿ ಕೆಡುವುದು ಅಳತೆಯಿಂದ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಹಂಚಿನ ಕಾರ್ಖಾನೆ ಶುರುವಾದ ಮೇಲೆ ನಮ್ಮ ಹೊಳೆಗಳ ದಂಡೆಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಅಚ್ಚು ಒಬ್ಬೊಬ್ಬರದು ಒಂದೊಂದು ತರ. ನೋಡಲು ಒಂದೇ, ಕೊಂಡಿ ಮಾತ್ರ ನಾಲ್ಕಾರು ಮಿಲಿಮೀಟರ್ ಆಚೀಚೆ. ಹಳೆಯ ಹಂಚು ಇಳಿಸುವಾಗ ಹಿಂಬದಿಯ ಹೆಸರು ನೋಡಿ ಬೇರೆ ಬೇರೆ ರಾಶಿ ಮಾಡಿಸಿ, ಒಂದು ಬದಿಯ ಮಾಡಿಗೆ ಒಂದೇ ಹೆಸರಿನದು ಹೊದೆಸಿ. ರೀಪಿನ ಅಂತರವನ್ನು ಹಳೆಯದರಿಂದ ನಕಲು ಮಾಡಬೇಡಿ. ಅಂಗಳದಲ್ಲಿ ಹನ್ನೊಂದು ಹಂಚನ್ನು ಒಂದರ ಕೆಳಗೊಂದು ಕೊಂಡಿ ಹಾಕಿ ಜೋಡಿಸಿ. ಪೂರ್ತಿ ಒತ್ತಿ ಮೊದಲ ಕೊಂಡಿಯಿಂದ ಹನ್ನೊಂದನೆಯ ಕೊಂಡಿಗೆ ಅಳೆಯಿರಿ, ಪೂರ್ತಿ ಎಳೆದು ಮತ್ತೊಮ್ಮೆ ಅಳೆಯಿರಿ. ಎರಡರ ಸರಾಸರಿಯನ್ನು ಹತ್ತರಿಂದ ಭಾಗಿಸಿದರೆ ಅದೇ ರೀಪಿನ ಅಂತರ, ಸಾಮಾನ್ಯವಾಗಿ ಒಂದಡಿಗಿಂತ ತುಸು ಹೆಚ್ಚು. ಸೀಲಿಂಗ್ ಹಂಚು ಆ ಅಂತರಕ್ಕೆ ಕೂರುತ್ತದೆಯೇ ಅಂತ ನಾಲ್ಕು ಹಂಚು ತಂದು ನೋಡಿ, ಆಮೇಲೆ ಲೋಡ್ ಹೇಳಿ. ಬೆರಳಿನ ಗಂಟಿನಿಂದ ಬಡಿದಾಗ ಟಣ್ ಅನ್ನಬೇಕು, ಮಂಕು ಸದ್ದಿನದು ವಾಪಸ್.

ಭಾರದ ಲೆಕ್ಕ ಬಿಡಬೇಡಿ. ಬರೀ ಮಂಗಳೂರು ಹಂಚೇ ಚದರ ಮೀಟರಿಗೆ ಸುಮಾರು 40 ಕಿಲೋ, ಮಳೆಗೆ ನೆನೆದರೆ ಇನ್ನೂ ಹೆಚ್ಚು, ಅದರ ಜೊತೆಗೆ ಸೀಲಿಂಗ್ ಹಂಚಿನ ಭಾರ. ಹಂಚು ಇಳಿಸಿದಾಗ ಪ್ರತಿ ಪಕ್ಕಾಸಿನ ತುದಿಯಿಂದ ತುದಿಗೆ ನೂಲು ಹಿಡಿದು ನೋಡಿ. ಹತ್ತಡಿಗೆ ಒಂದಂಗುಲಕ್ಕಿಂತ ಹೆಚ್ಚು ಬಗ್ಗಿದ್ದರೆ ನಡುವೆ ಅಡ್ಡ ಮರದ ಆಧಾರ ಕೊಡಿಸಿ. ಗೋಡೆಯ ಮೇಲೆ ಕೂರುವ ತುದಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ, ಗೆದ್ದಲು ಮೊದಲು ಹಿಡಿಯುವುದು ಅಲ್ಲೇ. ಹೊಸ ರೀಪಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಎರಡು ಕೈ, ಗ್ಲೌಸ್ ಹಾಕಿಯೇ ಬಳಿಯಬೇಕು, ಚರ್ಮ ಸುಡುತ್ತದೆ. ಕೆಳ ಅಂಚಿನ ಎರಡು ಸಾಲು ಹಂಚನ್ನು ಹಿಂಬದಿಯ ತೂತಿನಿಂದ ತಾಮ್ರದ ತಂತಿಯಲ್ಲಿ ರೀಪಿಗೆ ಕಟ್ಟಿಸಿ. ನೆತ್ತಿಯ ಹಂಚಿಗೆ ಬರೀ ಸಿಮೆಂಟು ಬೇಡ, ಮರ ಅಲುಗಿದಾಗ ಬಿರಿಯುತ್ತದೆ. ಒಂದು ಸಿಮೆಂಟು, ಒಂದು ಸುಣ್ಣ, ಆರು ಮರಳು ಸಾಕು.

ಇದರ ಕೊರತೆಯೂ ಇದೆ. ಮೇಲಿನ ಹಂಚು ಒಡೆದರೆ ಸೀಲಿಂಗ್ ಹಂಚು ನೀರು ಕುಡಿದು ಎರಡಡಿ ಆಚೆ ತೊಟ್ಟಿಕ್ಕಿಸುತ್ತದೆ, ಒಡೆದದ್ದನ್ನು ಹುಡುಕಬೇಕು. ಗಾಜಿನ ಹಂಚು ಇಟ್ಟಲ್ಲಿ ಕೆಳಗಿನದನ್ನು ಬಿಡಬೇಕಾಗುತ್ತದೆ, ಅಷ್ಟು ಜಾಗದಲ್ಲಿ ಬಿಸಿಲು ಇಳಿಯುತ್ತದೆ. ವರ್ಷಕ್ಕೊಮ್ಮೆ ಜೇಡನ ಬಲೆ ಗುಡಿಸಬೇಕು.

ಖರ್ಚಿಗೆ ಬಂದರೆ, ಹಂಚಿಗಿಂತ ಇಳಿಸಿ ಹೊದೆಸುವ ಕೂಲಿಯೇ ದೊಡ್ಡದು, ಆ ಕೂಲಿ ಮೂರಕ್ಕೂ ಒಂದೇ. ಅಂದ ಮೇಲೆ ಸಾಮಾನಿನಲ್ಲಿ ಉಳಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಹೇಗಿದ್ದರೂ ರೀಪು ಬದಲಿಸುವ ವರ್ಷವೇ ಮಾಡಿಸಿ. ಪತ್ತನಾಜೆಯೊಳಗೆ, ಅಂದರೆ ಮೇ 24ರ ಆಸುಪಾಸಿಗೆ, ಮಾಡು ಮುಚ್ಚಿರಬೇಕು. ಫೆಬ್ರವರಿಯಲ್ಲಿ ಶುರು ಮಾಡದಿದ್ದರೆ ಅದು ಆಗದ ಮಾತು, ಏಪ್ರಿಲಿನಲ್ಲಿ ಹಂಚಿನ ಕೆಲಸದವರು ಯಾರ ಕೈಗೂ ಸಿಗುವುದಿಲ್ಲ. ನೂರು ಚದರಡಿ ಮಾಡಿಗೆ 150 ಹಂಚು, ನೂರಕ್ಕೆ ಹತ್ತು ಒಡಕಿಗೆ. ನೆಲದ ಅಳತೆ ಹಿಡಿಯಬೇಡಿ, 30 ಡಿಗ್ರಿ ಇಳಿಜಾರಿನ ಮಾಡು ನೆಲಕ್ಕಿಂತ ಶೇಕಡಾ 15ರಷ್ಟು ದೊಡ್ಡದು. ಕೆಲಸ ಮುಗಿದ ಮೇಲೆ ಅದೇ ಹೆಸರಿನ ಐವತ್ತು ಹಂಚು, ಇಪ್ಪತ್ತು ಸೀಲಿಂಗ್ ಹಂಚು ಕೊಟ್ಟಿಗೆಯಲ್ಲಿ ನಿಲ್ಲಿಸಿಡಿ. ಮಲಗಿಸಿ ರಾಶಿ ಹಾಕಿದರೆ ಕೆಳಗಿನದಕ್ಕೆ ಕೊಂಡಿ ಮುರಿಯುತ್ತದೆ.