ಸಿಗ್ನಲ್ ಆ್ಯಪ್: ಯುವಜನರ ಖಾಸಗಿ ಮಾತಿಗೆ ಎಷ್ಟು ಭದ್ರ?

ಸ್ವಾತಂತ್ರ್ಯವೆಂದರೆ ಇಷ್ಟಬಂದ ಕಡೆ ಹೋಗುವುದು, ಇಷ್ಟಬಂದಂತೆ ಬದುಕುವುದು ಎಂದು ಹೆಚ್ಚಿನ ಯುವಜನರು ಹೇಳುತ್ತಾರೆ. ಆದರೆ ಅದಕ್ಕೂ ಮೊದಲು ಬೇಕಾದದ್ದು, ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗದ ಅಭಿಪ್ರಾಯವನ್ನು ನಂಬಿಕಸ್ಥರ ಮುಂದೆ ಅಂಜಿಕೆಯಿಲ್ಲದೆ ಆಡಿ, ಅದು ತಪ್ಪೆನಿಸಿದಾಗ ಬದಲಿಸಿಕೊಳ್ಳುವ ಅವಕಾಶ. ಧರ್ಮ, ರಾಜಕೀಯ, ಪ್ರೀತಿ, ಓದು ಯಾವುದರ ಬಗ್ಗೆಯೇ ಆಗಲಿ, ಅಂಥ ಮಾತುಗಳು ಈಗ ಬಹುಪಾಲು ನಡೆಯುವುದು ಫೋನಿನಲ್ಲಿ. ಹಾಗಾಗಿ ಸಂದೇಶ ಕಳುಹಿಸಲು ಬಳಸುವ ಸಿಗ್ನಲ್ ಆ್ಯಪನ್ನು ಇಲ್ಲಿ ಈ ಒಂದು ಅಳತೆಗೋಲಿನಿಂದಲೇ ನೋಡಿದ್ದೇನೆ.

ಸಿಗ್ನಲ್‌ನಲ್ಲಿ ಸಂದೇಶವು ಕಳುಹಿಸುವವರ ಫೋನಿನಲ್ಲಿಯೇ ಗೂಢಲಿಪಿಯಾಗಿ ಬದಲಾಗುತ್ತದೆ. ಅದನ್ನು ಬಿಡಿಸುವ ಕೀಲಿ ಇರುವುದು ಪಡೆಯುವವರ ಬಳಿ ಮಾತ್ರ. ಇದೇ ತಂತ್ರವನ್ನು ವಾಟ್ಸ್ಆ್ಯಪ್ ಕೂಡ ಬಳಸುತ್ತದೆ. ನಿಜವಾದ ವ್ಯತ್ಯಾಸವಿರುವುದು ಸಂದೇಶದ ಸುತ್ತಲಿನ ವಿವರಗಳಲ್ಲಿ, ಅಂದರೆ ಯಾರು ಯಾರೊಂದಿಗೆ ಯಾವಾಗ ಮಾತಾಡಿದರು ಎಂಬ ದಾಖಲೆಯಲ್ಲಿ. 2016ರಲ್ಲಿ ಅಮೆರಿಕದ ವರ್ಜೀನಿಯಾದ ಒಂದು ತನಿಖೆಗಾಗಿ ಬಳಕೆದಾರರ ಮಾಹಿತಿ ಕೊಡಬೇಕೆಂಬ ಆದೇಶ ಬಂದಾಗ, ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಇವೆರಡನ್ನು ಬಿಟ್ಟರೆ ಸಿಗ್ನಲ್ ಬಳಿ ಕೊಡಲು ಬೇರೇನೂ ಇರಲಿಲ್ಲ. ಸಂಗ್ರಹಿಸದೆ ಇದ್ದದ್ದನ್ನು ಯಾರೂ ಕಸಿಯಲಾರರು, ಮಾರಲಾರರು. 2018ರಿಂದ ಲಾಭೋದ್ದೇಶವಿಲ್ಲದ ಪ್ರತಿಷ್ಠಾನವೊಂದು ಇದನ್ನು ನಡೆಸುತ್ತಿದೆ; ಜಾಹೀರಾತುಗಳಿಲ್ಲ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸಿದ್ದು, ತಾನಾಗಿಯೇ ಅಳಿಸಿಹೋಗುವ ಸಂದೇಶಗಳ ವ್ಯವಸ್ಥೆ. ಕೆಲವು ಸೆಕೆಂಡುಗಳಿಂದ ನಾಲ್ಕು ವಾರಗಳವರೆಗೆ ಅವಧಿ ಗೊತ್ತುಮಾಡಬಹುದು. ಓದುವವರ ಫೋನಿನಲ್ಲಿ ಅದರ ಎಣಿಕೆ ಶುರುವಾಗುವುದು ಅವರು ಸಂದೇಶವನ್ನು ನೋಡಿದ ಮೇಲೆಯೇ. ಹೊಸ ಸಂಭಾಷಣೆಗಳಿಗೆಲ್ಲ ಒಂದೇ ಅವಧಿ ಅನ್ವಯವಾಗುವಂತೆ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆರಿಸಿಡಬಹುದು. ಹದಿನೇಳರ ವಯಸ್ಸಿನಲ್ಲಿ ಸಿಟ್ಟಿನಿಂದ ಬರೆದ ಒಂದು ಸಾಲು ಇಪ್ಪತ್ತೇಳರಲ್ಲಿ ಎದುರು ನಿಂತು ಲೆಕ್ಕ ಕೇಳಬಾರದು. ಬೆಳೆಯುವ ಮನಸ್ಸಿಗೆ ಮರೆವಿನ ರಕ್ಷಣೆ ಬೇಕು, ಮತ್ತು ಅದನ್ನು ಇಷ್ಟು ಸರಳವಾಗಿ ಕೈಗೆ ಕೊಟ್ಟಿರುವುದು ಈ ಆ್ಯಪಿನ ದೊಡ್ಡ ಗುಣ.

ಕೊರತೆಗಳೂ ಇವೆ. ಖಾತೆ ತೆರೆಯಲು ಫೋನ್ ನಂಬರ್ ಕಡ್ಡಾಯ. 2024ರಲ್ಲಿ ಯೂಸರ್‌ನೇಮ್ ಬಂದ ಮೇಲೆ ಹೊಸಬರಿಗೆ ನಂಬರ್ ಕೊಡದೆಯೇ ಮಾತಾಡಬಹುದಾದರೂ, ನಿಮ್ಮ ನಂಬರ್ ಬಲ್ಲವರು ನಿಮ್ಮನ್ನು ಹುಡುಕಲಾಗದಂತೆ ಮಾಡಲು ಇನ್ನೊಂದು ಸೆಟ್ಟಿಂಗ್ ಬದಲಿಸಬೇಕಾಗುತ್ತದೆ. ಎದುರಿನವರು ಸಂದೇಶದ ಫೋಟೊ ತೆಗೆದು ಹಂಚಿದರೆ ಯಾವ ಗೂಢಲಿಪಿಯೂ ತಡೆಯಲಾರದು. ಆ ಭಾಗವನ್ನು ಗೆಳೆತನವೇ ಕಾಯಬೇಕು.

ಮಕ್ಕಳ ಫೋನಿನಲ್ಲಿ ಇದನ್ನು ಕಂಡ ಹೆತ್ತವರು ಗಾಬರಿಯಾಗುವುದು ಸಹಜ, ಮತ್ತು ಮೋಸಗಾರರ ಕುರಿತ ಅವರ ಆತಂಕ ಹುರುಳಿಲ್ಲದ್ದಲ್ಲ. ಆದರೆ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿಯು, ಮಕ್ಕಳ ಖಾಸಗಿ ಬದುಕು ಮತ್ತು ಪತ್ರವ್ಯವಹಾರದಲ್ಲಿ ಮನಬಂದಂತೆ ತಲೆಹಾಕುವಂತಿಲ್ಲ ಎನ್ನುತ್ತದೆ. ಕದ್ದು ಓದುವುದರಿಂದ ಮಗುವಿನ ವಿಶ್ವಾಸ ಕಳೆದುಹೋಗುತ್ತದೆ, ಅಪಾಯ ಎದುರಾದ ದಿನ ಆ ಮಗು ಹೆತ್ತವರ ಬಳಿ ಬಾಯಿಬಿಡುವುದೂ ಇಲ್ಲ. ಅಪರಿಚಿತರಿಗೆ ಏನನ್ನು ಹೇಳಬಾರದು, ಬೆದರಿಕೆ ಬಂದರೆ ಯಾರಿಗೆ ಹೇಳಬೇಕು ಎಂಬುದನ್ನು ಜೊತೆಯಲ್ಲಿ ಕುಳಿತು ಮಾತಾಡುವುದೇ ಮೇಲು.

ಈ ಎಲ್ಲ ಕಾರಣಗಳಿಂದ ಯುವಜನರಿಗೆ ನಾನು ಸಿಗ್ನಲ್ ಅನ್ನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಬಳಸತೊಡಗಿದವರು ಸೆಟ್ಟಿಂಗ್ಸ್‌ನಲ್ಲಿ ಜೋಡಿಸಿದ ಸಾಧನಗಳ ಪಟ್ಟಿಯನ್ನು ಆಗಾಗ ತೆರೆದು ನೋಡಬೇಕು. ಫೋನಿನ ಪಾಸ್‌ವರ್ಡ್ ತಿಳಿದ ಯಾರಾದರೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಖಾತೆಯನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿಕೊಂಡರೆ, ಅಂದಿನಿಂದ ಬರುವ ಸಂದೇಶಗಳೆಲ್ಲ ಅಲ್ಲಿಯೂ ತೆರೆದುಕೊಳ್ಳುತ್ತವೆ. ಪರಿಚಯವಿಲ್ಲದ ಹೆಸರೊಂದು ಆ ಪಟ್ಟಿಯಲ್ಲಿದ್ದರೆ ಕೂಡಲೇ ತೆಗೆದುಹಾಕಿ, ಫೋನಿನ ಪಾಸ್‌ವರ್ಡ್ ಬದಲಿಸಿ.