ನಾಲ್ಕು ಮಳೆಗಾಲ ಕಂಡ ಮಣ್ಣಿನ ಇಟ್ಟಿಗೆಯ ಮನೆ: ಕೊಡಗಿನಿಂದ ಒಂದು ವಿಮರ್ಶೆ

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಕುಸಿದ ಅದೇ ವಾರ ನಮ್ಮ ಹಳೆಯ ಮನೆಯ ಹಿಂದಿನ ಬರೆಯೂ (ಕಡಿದಾದ ಮಣ್ಣಿನ ದಂಡೆ) ಜರಿದು ಅಡುಗೆಮನೆಯ ಗೋಡೆಯನ್ನು ಒಳಕ್ಕೆ ತಳ್ಳಿತು. ಎಲ್ಲರೂ ಹಜಾರದಲ್ಲಿದ್ದುದರಿಂದ ಜೀವಹಾನಿಯಾಗಲಿಲ್ಲ. ಮರುವರ್ಷ ಹೊಸ ಮನೆ ಕಟ್ಟಲು ಹೊರಟಾಗ, ಮಳೆ ಗಾಳಿಗಳನ್ನು ತಾಳುವ, ನೀರು ಮತ್ತು ವಿದ್ಯುತ್ತಿಗೆ ಬಹುಮಟ್ಟಿಗೆ ತನ್ನನ್ನೇ ನೆಚ್ಚಿಕೊಳ್ಳುವ ಮನೆಗಳನ್ನು ಕಟ್ಟಿಕೊಡುವುದಾಗಿ ಹೇಳುವ ಬೆಂಗಳೂರಿನ ಒಂದು ತಂಡಕ್ಕೆ ಕೆಲಸ ಒಪ್ಪಿಸಿದೆವು. 2021ರ ಫೆಬ್ರವರಿಯಲ್ಲಿ ಗೃಹಪ್ರವೇಶವಾಯಿತು. ನಾಲ್ಕು ಮಳೆಗಾಲ ಮತ್ತು ಒಂದು ಕಡು ಬೇಸಿಗೆಯನ್ನು ಈ ಮನೆಯಲ್ಲಿ ಕಳೆದ ಮೇಲೆ ಬರೆಯುತ್ತಿದ್ದೇನೆ. ನನ್ನ ದೂರುಗಳೂ ಇದರಲ್ಲಿ ಇರುವುದರಿಂದ ತಂಡದ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಮೊದಲು ಅವರ ಅತ್ಯುತ್ತಮ ಕೆಲಸವನ್ನು ಹೇಳಬೇಕು. ರಸ್ತೆಗೆ ಹತ್ತಿರವಾಗುತ್ತದೆಂದು ನಾವು ತೋರಿಸಿದ ಜಾಗದಲ್ಲಿ ಗುಡ್ಡವನ್ನು ಹತ್ತು ಅಡಿಯಷ್ಟು ನೇರವಾಗಿ ಕಡಿದು ಸಮತಟ್ಟು ಮಾಡಬೇಕಾಗಿತ್ತು. ಅಲ್ಲಿ ಮನೆ ಕಟ್ಟಿಕೊಡುವುದಿಲ್ಲವೆಂದು ಅವರು ಖಂಡಿತವಾಗಿ ಹೇಳಿದರು. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿತ್ತು. ಕೊನೆಗೆ ಗದ್ದೆಯ ಮೇಲಂಚಿನಲ್ಲಿ, ಸಹಜವಾಗಿಯೇ ತಟ್ಟಾಗಿದ್ದ ದಿಣ್ಣೆಯನ್ನು ಆರಿಸಿಕೊಂಡೆವು. ನಮ್ಮ ಹಿರಿಯರು ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳಿಗೆ ಜಾಗ ಹುಡುಕುವಾಗ ನೋಡುತ್ತಿದ್ದುದೂ ಇಂಥ ದಿಣ್ಣೆಗಳನ್ನೇ. ಇದರಿಂದ ರಸ್ತೆ ದೂರವಾಯಿತು, ಸಾಮಾನು ಹೊರುವ ಕೂಲಿ ಹೆಚ್ಚಾಯಿತು. ಆದರೂ ಈ ಮನೆಗೆ ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಯಾವುದೆಂದು ಕೇಳಿದರೆ ಈ ಜಾಗದ ಆಯ್ಕೆಯನ್ನೇ ತೋರಿಸುತ್ತೇನೆ.

ಅಷ್ಟೇ ಮುಖ್ಯವಾದದ್ದು ನೀರಿನ ದಾರಿ. ಮಳೆಕೊಯ್ಲು ಎಂದೊಡನೆ ಮನೆಯ ಸುತ್ತ ಇಂಗುಗುಂಡಿ ತೋಡಿಸುವುದು ಬಯಲುಸೀಮೆಯಲ್ಲಿ ಒಳ್ಳೆಯ ಪದ್ಧತಿಯಾದರೂ, ಇಳಿಜಾರಿನ ತಲೆಯ ಮೇಲೆ ಅದು ಅಪಾಯಕಾರಿ, ಏಕೆಂದರೆ ಇಂಗಿದ ನೀರು ಮಣ್ಣಿನ ಕಣಗಳ ನಡುವೆ ಒತ್ತಡವನ್ನು ಹೆಚ್ಚಿಸಿ ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ತಂಡವು ಒಂದೂ ಇಂಗುಗುಂಡಿ ಮಾಡದೆ, ತೊಟ್ಟಿ ತುಂಬಿ ಹರಿಯುವ ನೀರನ್ನೂ ಅಂಗಳದ ನೀರನ್ನೂ ಕಲ್ಲು ಕಟ್ಟಿದ ಚರಂಡಿಯ ಮೂಲಕ ಕೆಳಗಿನ ತೋಡಿಗೆ ಸೇರಿಸಿತು. ಮನೆಯ ಹಿಂದಿನ ಚಿಕ್ಕ ತಡೆಗೋಡೆಯಲ್ಲಿಯೂ ನೀರು ಹೊರಬರಲು ಸಾಲಾಗಿ ತೂತುಗಳನ್ನು ಬಿಟ್ಟು, ಗೋಡೆಯ ಬೆನ್ನಿಗೆ ಜಲ್ಲಿ ತುಂಬಿಸಿದರು. ಆಶ್ಲೇಷ ಮಳೆ ಜಡಿಯುವ ರಾತ್ರಿಗಳಲ್ಲಿ ಆ ತೂತುಗಳಿಂದ ನೀರು ಸುರಿಯುವ ಸದ್ದು ಕೇಳಿದಾಗ ನನಗೆ ಸಮಾಧಾನವಾಗುತ್ತದೆ, ಸದ್ದು ನಿಂತರೆ ಟಾರ್ಚ್ ಹಿಡಿದು ಹೋಗಿ ನೋಡುತ್ತೇನೆ.

ಗೋಡೆಗಳಿಗೆ ಬಳಸಿದ್ದು ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ದಶಕಗಳ ಕಾಲ ಬೆಳೆಸಿದ ತಂತ್ರವಿದು. ಸ್ಥಳದ ಮಣ್ಣಿಗೆ ಬೇಕಾದಷ್ಟು ಮರಳು ಬೆರೆಸಿ, ಶೇಕಡಾ 7–8ರಷ್ಟು ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿ ಹದಗೊಳಿಸುತ್ತಾರೆ. ಗೂಡಿಗೆ ಹಾಕಿ ಸುಡುವುದಿಲ್ಲವಾದ್ದರಿಂದ ಸೌದೆಯೂ ಉಳಿಯುತ್ತದೆ, ಇಟ್ಟಿಗೆಯನ್ನು ದೂರದಿಂದ ಲಾರಿಯಲ್ಲಿ ತರುವುದೂ ತಪ್ಪುತ್ತದೆ. ಆದರೆ ಒಂದು ಮಿತಿಯನ್ನು ಎಲ್ಲರೂ ತಿಳಿದಿರಬೇಕು. ಚೆನ್ನಾಗಿ ನೆನೆದಾಗ ಈ ಇಟ್ಟಿಗೆಯ ಬಲ ಒಣಗಿದ್ದಾಗಿನ ಸುಮಾರು ಅರ್ಧಕ್ಕೆ ಇಳಿಯಬಹುದು. ಆದ್ದರಿಂದ ಕೊಡಗಿನಂಥ ಕಡೆ ಎತ್ತರದ ಪಂಚಾಂಗ (ನೆಲದಿಂದ ಮೇಲಕ್ಕೆ ಎತ್ತರಿಸಿದ ಅಡಿಪಾಯ), ಅಗಲವಾದ ಸೂರು ಇಲ್ಲದೆ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಬಾರದು. ನಮ್ಮದು ಸೈಜುಗಲ್ಲಿನ ಎರಡೂವರೆ ಅಡಿ ಪಂಚಾಂಗ ಮತ್ತು ಮೂರು ಅಡಿ ಚಾಚಿದ ಹೆಂಚಿನ ಸೂರು. ಅಷ್ಟಾದರೂ ಗಾಳಿಮಳೆ ನೇರವಾಗಿ ಬಡಿಯುವ ಪಶ್ಚಿಮದ ಗೋಡೆ ಎರಡನೆಯ ವರ್ಷವೇ ಪಾಚಿಗಟ್ಟಿ ಕಪ್ಪಾಯಿತು. ಆ ಒಂದು ಗೋಡೆಗಾದರೂ ಗಾರೆ ಮಾಡಿಸಿ ಎಂದು ನಾವು ಕೇಳಿಕೊಂಡಿದ್ದೆವು. ಇಟ್ಟಿಗೆಯ ಅಂದ ಹಾಳಾಗುತ್ತದೆಂದು ಅವರು ಒಪ್ಪಲಿಲ್ಲ. 2023ರಲ್ಲಿ ನಮ್ಮೂರಿನ ಮೇಸ್ತ್ರಿಯೊಬ್ಬರಿಂದ ಸುಣ್ಣದ ಗಾರೆ ಮಾಡಿಸಿದ ಮೇಲೆ ಗೋಡೆ ಒಳಗಿನಿಂದಲೂ ಒಣಗಿದೆ. ಛಾಯಾಚಿತ್ರಕ್ಕೆ ಚೆಂದ ಕಾಣುವುದಕ್ಕಿಂತ ಒಳಗೆ ಮಲಗುವವರ ಬೆನ್ನಿಗೆ ತೇವ ತಾಗದಿರುವುದು ಮುಖ್ಯವೆಂಬುದನ್ನು ಅವರು ಅರಿಯಬೇಕಿತ್ತು.

ಪಂಚಾಂಗ, ಲಿಂಟಲ್ ಮತ್ತು ಸೂರಿನ ಮಟ್ಟಗಳಲ್ಲಿ ಮನೆಯ ಸುತ್ತ ಕಡಿಯದೆ ಹಾಯುವ ಕಾಂಕ್ರೀಟ್ ಪಟ್ಟಿ ಇದೆ, ಮೂಲೆಗಳಲ್ಲಿ ನಿಲುವು ಕಬ್ಬಿಣವಿದೆ. ಗೋಡೆಗಳು ಒಂದರಿಂದೊಂದು ಬಿಟ್ಟುಕೊಳ್ಳದಂತೆ ಇದು ಪೆಟ್ಟಿಗೆಯ ಹಾಗೆ ಹಿಡಿದಿಡುತ್ತದೆ. 2022ರ ಜೂನ್‌ನಲ್ಲಿ ಹಾಸನ, ಕೊಡಗು, ಸುಳ್ಯದ ಕಡೆ ಹಲವು ಸಣ್ಣ ಕಂಪನಗಳಾದಾಗ ನಮ್ಮಲ್ಲಿ ಒಂದು ಬಿರುಕೂ ಕಾಣಲಿಲ್ಲ. ಆ ಕಂಪನಗಳು ತೀರ ಸಣ್ಣವಾಗಿದ್ದರಿಂದ ಅದನ್ನೇ ಮನೆಯ ಗಟ್ಟಿತನಕ್ಕೆ ಸಾಕ್ಷಿಯೆಂದು ಹೇಳಲಾರೆ.

ನನ್ನ ದೊಡ್ಡ ದೂರು ನೀರಿನ ತೊಟ್ಟಿಯದು. ನಮ್ಮ ಮಾಡಿನ ವಿಸ್ತೀರ್ಣ ಸುಮಾರು 140 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 140 ಲೀಟರ್ ನೀರು ಬೀಳುತ್ತದೆ. ಚೆಲ್ಲಿದ್ದು, ಮೊದಲ ಮಳೆಯಲ್ಲಿ ಹೊರಬಿಟ್ಟದ್ದು ಕಳೆದರೂ 100 ಲೀಟರಿಗೆ ಮೋಸವಿಲ್ಲ. ಹೀಗಾಗಿ 20,000 ಲೀಟರಿನ ತೊಟ್ಟಿ ಜೂನ್‌ನಲ್ಲಿ ಮಳೆ ಹಿಡಿದ ಒಂದೇ ವಾರದಲ್ಲಿ ತುಂಬುತ್ತದೆ, ಆಮೇಲೆ ಮೂರು ತಿಂಗಳು ನೀರು ಸುಮ್ಮನೆ ಹರಿದುಹೋಗುತ್ತದೆ. ಆದರೆ ಡಿಸೆಂಬರಿನಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬೀಳುವವರೆಗಿನ ಲೆಕ್ಕವನ್ನು ತಂಡದವರು ಮಾಡಿರಲಿಲ್ಲ. ತಲೆಗೆ ದಿನಕ್ಕೆ 55 ಲೀಟರಿನಂತೆ ಐದು ಜನಕ್ಕೆ 275 ಲೀಟರ್ ಬೇಕು, ಅಂದರೆ ತುಂಬಿದ ತೊಟ್ಟಿ 72 ದಿನಕ್ಕೆ ಬರಿದಾಗುತ್ತದೆ. 2023ರ ಮಳೆಗಾಲ ಕೈಕೊಟ್ಟು ಬಾವಿಯ ಒರತೆಯೂ ಕ್ಷೀಣಿಸಿದ್ದರಿಂದ, 2024ರ ಫೆಬ್ರವರಿ ನಡುವಿಗೆ ತೊಟ್ಟಿಯ ತಳ ಕಂಡು ನಾವು ಟ್ಯಾಂಕರ್ ತರಿಸಬೇಕಾಯಿತು. ಮಳೆಕೊಯ್ಲಿನ ತಜ್ಞ ಎ. ಆರ್. ಶಿವಕುಮಾರ್ ಅವರು ಬೆಂಗಳೂರಿನ ತಮ್ಮ ‘ಸೌರಭ’ ಮನೆಯಲ್ಲಿ 1995ರಿಂದ ಮಳೆನೀರಿನಲ್ಲೇ ಬದುಕು ನಡೆಸಿದ್ದನ್ನು ತಂಡದವರು ನಮಗೆ ಉದಾಹರಣೆಯಾಗಿ ಕೊಟ್ಟಿದ್ದರು. ಅದು ದೊಡ್ಡ ಸಾಧನೆಯೇ ಹೌದು. ಆದರೆ ಬೆಂಗಳೂರಿನ ಮಳೆ ಕಡಿಮೆಯಾದರೂ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬೀಳುತ್ತದೆ. ಮಡಿಕೇರಿಯ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿದರೂ ಅದರ ಬಹುಪಾಲು ಮೂರು ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ನಮ್ಮ ಸೀಮೆಯಲ್ಲಿ ತೊಟ್ಟಿಯ ಅಳತೆಯನ್ನು ನಿರ್ಧರಿಸಬೇಕಾದದ್ದು ಮಳೆಯಿಲ್ಲದ ದಿನಗಳ ಸಂಖ್ಯೆ.

ವಿದ್ಯುತ್ತಿನ ವ್ಯವಸ್ಥೆ ಚೆನ್ನಾಗಿದೆ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್, ಬೀದಿಯ ವಿದ್ಯುತ್ ಹೋದೊಡನೆ ಲೈನ್‌ಮನ್‌ಗಳ ಸುರಕ್ಷತೆಗಾಗಿ ತಾನೂ ನಿಂತುಬಿಡುತ್ತದೆ. ಚಾವಣಿಯ ತುಂಬ ಪ್ಯಾನೆಲ್ ಹಾಕಿಸಿಕೊಂಡ ಎಷ್ಟೋ ಮಂದಿಗೆ ಇದು ಮೊದಲ ಬಿರುಗಾಳಿಯವರೆಗೆ ಗೊತ್ತಿರುವುದಿಲ್ಲ. ತಂಡದ ಎಲೆಕ್ಟ್ರಿಷಿಯನ್ ಇದನ್ನು ಮೊದಲೇ ವಿವರಿಸಿ, 3 ಕಿಲೋವ್ಯಾಟ್ ಪ್ಯಾನೆಲ್‌ಗಳಿಗೆ ಬೀದಿಯ ವಿದ್ಯುತ್ ಇಲ್ಲದಾಗಲೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರನ್ನೂ 5 ಯೂನಿಟ್ಟಿನ ಲಿಥಿಯಂ ಬ್ಯಾಟರಿಯನ್ನೂ ಜೋಡಿಸಿದರು. ಬಿಸಿಲಿನ ದಿನ 12 ಯೂನಿಟ್ ಬರುವಲ್ಲಿ ಕಕ್ಕಡದ (ಜುಲೈ–ಆಗಸ್ಟ್‌ ನಡುವಿನ ಕೊಡವ ತಿಂಗಳು) ಮೋಡದಲ್ಲಿ ಎರಡು ಮೂರು ಯೂನಿಟ್ ಬಂದರೆ ಹೆಚ್ಚು. 2024ರ ಜುಲೈನಲ್ಲಿ ಮರ ಬಿದ್ದು ಆರು ದಿನ ಕರೆಂಟ್ ಇಲ್ಲದಾಗ ದೀಪ, ಫ್ರಿಜ್, ಮೊಬೈಲ್ ನಡೆದವು. ಪಂಪನ್ನು ದಿನಕ್ಕೆ ಹತ್ತು ನಿಮಿಷವಷ್ಟೇ ಹಾಕಿದೆವು, ಸ್ನಾನಕ್ಕೆ ಸೌದೆ ಒಲೆಯ ಹಂಡೆಯೇ ಆಯಿತು. ಗೋಬರ್ ಗ್ಯಾಸ್ ಕೂಡ ಚಳಿ ಮಳೆಯಲ್ಲಿ ಸೊರಗುವುದರಿಂದ ಒಂದು ಸಿಲಿಂಡರ್ ಇಟ್ಟುಕೊಂಡೇ ಇದ್ದೇವೆ.

ಕೆಲಸ ಮುಗಿದ ಮೇಲಿನ ಸೇವೆ ನಿರಾಶೆ ತಂದಿದೆ. ಮಾಡಿನ ಗಟರ್ ಈ ಸೀಮೆಯ ಮಳೆಗೆ ಸಣ್ಣದಾಗಿ ಮೊದಲ ವರ್ಷವೇ ನೀರು ಉಕ್ಕಿ ಜಗಲಿಗೆ ಬಂತು. ಮೂರು ಬಾರಿ ಕರೆ ಮಾಡಿದ ಮೇಲೆ ಬಂದು ನೋಡಿದರು, ಬದಲಾಯಿಸಿದ್ದು ಮರುವರ್ಷ. ಚದರ ಅಡಿಗೆ ಸೋಲಾರ್ ಬಿಟ್ಟು 2,150 ರೂಪಾಯಿ ಬಿದ್ದಿದೆ. ಆ ಹೊತ್ತಿಗೆ ನಮ್ಮೂರಿನಲ್ಲಿ ಸಾಮಾನ್ಯ ಕಾಂಕ್ರೀಟ್ ಮನೆಗೆ ಕೇಳುತ್ತಿದ್ದುದಕ್ಕಿಂತ ಇದು ಸ್ವಲ್ಪ ಹೆಚ್ಚು.

ಗುಡ್ಡದ ಊರುಗಳಲ್ಲಿ ಮನೆ ಕಟ್ಟುವವರಿಗೆ ಈ ತಂಡವನ್ನು ನಾನು ಶಿಫಾರಸು ಮಾಡುತ್ತೇನೆ. ಆದರೆ ಕರಾರಿಗೆ ಸಹಿ ಹಾಕುವ ಮುನ್ನ ತೊಟ್ಟಿಯ ಲೆಕ್ಕವನ್ನು ತಿಂಗಳುವಾರು ಬರೆಸಿಕೊಳ್ಳಿ, ಮಳೆ ಬಡಿಯುವ ಗೋಡೆಗೆ ಗಾರೆಯನ್ನೂ ದೊಡ್ಡ ಗಟರನ್ನೂ ಸೇರಿಸಿಕೊಳ್ಳಿ. ನಾವು ಈ ಜನವರಿಯಲ್ಲಿ 25,000 ಲೀಟರಿನ ಎರಡನೆಯ ತೊಟ್ಟಿಯ ಕೆಲಸ ಆರಂಭಿಸುತ್ತಿದ್ದೇವೆ. ಅದಕ್ಕೆ ಜಾಗ ಗುರುತಿಸಿಕೊಡಲು ಅದೇ ತಂಡವನ್ನು ಕರೆಸಿದ್ದೆವು. ಬರೆಯ ಅಂಚಿನಿಂದ ಇನ್ನೂ ಹದಿನೈದು ಅಡಿ ಈಚೆಗೆ ಸರಿಸಿ ಎಂದು ಹೇಳಿ ಹೋಗಿದ್ದಾರೆ.