ಸ್ಲ್ಯಾಬ್‌ನೊಳಗಿನ ಬೆಳ್ಳಿ ರೂಪಾಯಿ: ಯಾವುದಕ್ಕೆ ಹೆಚ್ಚು ದುಡ್ಡು ಕೊಡಬಹುದು?

ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಅಮೆರಿಕದ ಎನ್‌ಜಿಸಿ ಅಥವಾ ಪಿಸಿಜಿಎಸ್ ಕಂಪನಿಯ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಅಂದರೆ ಸ್ಲ್ಯಾಬ್‌ನಲ್ಲಿ, ಇರುವ ಬ್ರಿಟಿಷ್ ಇಂಡಿಯಾ ರೂಪಾಯಿ ಆನ್‌ಲೈನ್‌ನಲ್ಲಿ ಬಿಡಿ ನಾಣ್ಯಕ್ಕಿಂತ ದುಬಾರಿ. ಈ ಹೆಚ್ಚುವರಿ ಹಣಕ್ಕೆ ಸಿಗುವುದು ಎರಡೇ: ನಾಣ್ಯ ಅಸಲಿ ಎಂಬ ಭರವಸೆ, ಅದರ ಸ್ಥಿತಿಯ ಬಗ್ಗೆ ಪರಿಣತರ ಅಭಿಪ್ರಾಯ. ಬೆಲೆಯನ್ನು ಸ್ಲ್ಯಾಬ್‌ನ ಲೇಬಲ್ ಹೇಳುವುದಿಲ್ಲ. ಅದನ್ನು ನಾವೇ ಕಟ್ಟಬೇಕು.

1939ರ ಬಾಂಬೆ ಟಂಕಸಾಲೆಯ ರೂಪಾಯಿಗೆ ಸ್ಲ್ಯಾಬ್ ಬೇಕೇ ಬೇಕು. ಅದು ಅಪರೂಪದ್ದು, ಇಸವಿ ತಿದ್ದಿದ ನಕಲಿಗಳ ಹಾವಳಿಯೂ ಹೆಚ್ಚು. ಸ್ಲ್ಯಾಬ್ ಇಲ್ಲದೆ ಫೋಟೊ ನೋಡಿ ಕೊಳ್ಳುವುದು ಅಪಾಯ. 1918ರ ಐದನೇ ಜಾರ್ಜ್ ರೂಪಾಯಿಯ ಮಾತೇ ಬೇರೆ. ಮೊದಲ ಮಹಾಯುದ್ಧದ ಬೆಳ್ಳಿ ಕೊರತೆ ನೀಗಿಸಲು ಅಮೆರಿಕ ತನ್ನ ಡಾಲರ್ ನಾಣ್ಯಗಳನ್ನೇ ಕರಗಿಸಿ ಭಾರತಕ್ಕೆ ಬೆಳ್ಳಿ ಕಳಿಸಿದ ವರ್ಷವದು. ಕಲ್ಕತ್ತ, ಬಾಂಬೆ ಎರಡೂ ಕಡೆ ತಲಾ 20 ಕೋಟಿಗೂ ಹೆಚ್ಚು ಅಚ್ಚಾಯಿತು. ಅದರ ಎಂಎಸ್ 62 (ಮಿಂಟ್ ಸ್ಟೇಟ್, ಅಂದರೆ ಚಲಾವಣೆಯಾಗದ ಸ್ಥಿತಿ) ಸ್ಲ್ಯಾಬ್‌ಗೆ ಮಾರುವವರು ಹೇಳುವ ಬೆಲೆ ಕೇಳಿ ಬೆರಗಾಗಬೇಕಿಲ್ಲ, ಮುಂದೆ ಸಾಗಬಹುದು. ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ 91.7. ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಕೊಳ್ಳುವ ದಿನದ ಬೆಳ್ಳಿ ದರದಿಂದ ಲೆಕ್ಕ ಶುರು ಮಾಡಿ, ಸ್ಥಿತಿಗೆ ಎಷ್ಟು ಸೇರಿಸಬೇಕೆಂದು ಆಮೇಲೆ ನೋಡಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ಪೂರ್ತಿ ನಿಕಲ್. ಅವಕ್ಕೆ ಈ ಲೆಕ್ಕ ನಡೆಯದು.

1911ರ 'ಹಂದಿ ರೂಪಾಯಿ' 1939ರದ್ದಕ್ಕೂ 1918ರದ್ದಕ್ಕೂ ನಡುವಿನದು. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗದ್ದಲವಾದಾಗ ನಾಣ್ಯವನ್ನು ಹಿಂಪಡೆದರು. ಸುಮಾರು 94 ಲಕ್ಷ ಅಚ್ಚಾಗಿದ್ದರೂ ಚಲಾವಣೆಗೆ ಬಂದದ್ದು 7 ಲಕ್ಷದಷ್ಟು. ಬೇಡಿಕೆ ಸದಾ ಇದೆ. ಹಾಗಾಗಿ ಇದನ್ನು ಸ್ಲ್ಯಾಬ್‌ನಲ್ಲಿ ಕೊಂಡರೆ ಮರುಮಾರಾಟ ಸುಲಭ.

ಜನ ಹೆಚ್ಚು ಎಡವುವುದು ಲೇಬಲ್ ಓದುವಲ್ಲಿ. ಗ್ರೇಡ್ 1ರಿಂದ 70ರವರೆಗೆ. 60 ಮತ್ತು ಮೇಲಿನದು ಚಲಾವಣೆಯಾಗದ ನಾಣ್ಯ, 50ರಿಂದ 58 ತುಸುವೇ ಸವೆದದ್ದು. ಸಂಖ್ಯೆಯೇ ಇಲ್ಲದೆ 'ಯುಎನ್‌ಸಿ ಡೀಟೇಲ್ಸ್' (ಯುಎನ್‌ಸಿ ಎಂದರೆ ಚಲಾವಣೆಯಾಗದ್ದು) ಎಂದಿದ್ದರೆ ನಾಣ್ಯ ಅಸಲಿ, ಆದರೆ ಕೆಟ್ಟಿದೆ ಎಂದರ್ಥ. ಕಾರಣವೂ ಜೊತೆಗೇ ಇರುತ್ತದೆ: 'ಕ್ಲೀನ್ಡ್', 'ಮೌಂಟ್ ರಿಮೂವ್ಡ್'. ಇವೆರಡೂ ನಮ್ಮ ರೂಪಾಯಿಗಳಿಗೆ ತೀರಾ ಮಾಮೂಲು. ಹಬ್ಬಕ್ಕೆ ಹುಣಸೆಹುಳಿ, ವಿಭೂತಿ ಹಾಕಿ ಉಜ್ಜಿದ ಬೆಳ್ಳಿಯ ಮೇಲೆ ಕೂದಲೆಳೆಯಂಥ ಗೀರು ಉಳಿಯುತ್ತವೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದ ನಾಣ್ಯದ ಅಂಚಿನಲ್ಲಿ ಬೆಸುಗೆಯ ಗುರುತು ಉಳಿಯುತ್ತದೆ. ಸ್ಲ್ಯಾಬ್‌ನೊಳಗೆ ಅಂಚು ಸರಿಯಾಗಿ ಕಾಣದು, ಆಗ ಲೇಬಲ್ಲೇ ಸಾಕ್ಷಿ. ಕೆಲವರು ಜಾಹೀರಾತಿನ ತಲೆಬರಹದಲ್ಲಿ 'ಯುಎನ್‌ಸಿ' ಮಾತ್ರ ಬರೆದು 'ಡೀಟೇಲ್ಸ್' ಬಿಡುತ್ತಾರೆ. ಇದು ಮೋಸವೇ. ಡೀಟೇಲ್ಸ್ ನಾಣ್ಯವನ್ನು ಸಂಖ್ಯೆ ಪಡೆದ ನಾಣ್ಯದ ದರಕ್ಕೆ ಹೋಲಿಸಲೇಬೇಡಿ.

ಹೆಸರೇ ಕೇಳದ ಕಂಪನಿಯ ಸ್ಲ್ಯಾಬ್‌ನಲ್ಲಿ 'ಎಂಎಸ್ 67' ಎಂದಿದ್ದರೆ ಅದನ್ನು ಬಿಡಿ ನಾಣ್ಯವೆಂದೇ ಎಣಿಸಿ.

ಅಸಲಿ ಕಂಪನಿಗಳ ಸ್ಲ್ಯಾಬ್‌ಗೂ ನಕಲಿ ಇದೆ. ಲೇಬಲ್‌ನ ಪ್ರಮಾಣಪತ್ರ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡುವುದು ಎಲ್ಲರಿಗೂ ಗೊತ್ತು, ಅಷ್ಟೇ ಸಾಲದು. ನಕಲಿ ಮಾಡುವವರು ನಿಜವಾದ ಸಂಖ್ಯೆಯನ್ನೇ ಕದ್ದು ಹಾಕುತ್ತಾರೆ. ಅಲ್ಲಿ ಫೋಟೊ ಇದ್ದರೆ ಒಂದು ಕಲೆ, ಒಂದು ಗೀರು, ಬಣ್ಣ ತಿರುಗಿದ ಒಂದು ಜಾಗ ಆರಿಸಿಕೊಂಡು ಮಾರುವವರ ಫೋಟೊ ಜೊತೆ ತಾಳೆ ನೋಡಿ. ಹಳೆಯ ಸ್ಲ್ಯಾಬ್‌ಗಳಿಗೆ ಫೋಟೊ ಇರದಿರಬಹುದು. ಆಗ ಒಂದೇ ದೀಪದ ಕೆಳಗೆ ಸ್ಲ್ಯಾಬನ್ನು ನಿಧಾನವಾಗಿ ವಾಲಿಸುವ ವಿಡಿಯೊ ಕೇಳಿ. ಉಜ್ಜದ ನಾಣ್ಯದಲ್ಲಿ ಹೊಳಪು ಚಕ್ರದಂತೆ ಸುತ್ತುತ್ತದೆ. ಉಜ್ಜಿದ್ದರಲ್ಲಿ ಸುತ್ತುವುದಿಲ್ಲ, ಇಡೀ ಮೈ ಒಂದೇ ಸಮ ಬೆಳ್ಳಗೆ ಮಿಂಚುತ್ತದೆ.

ವಿಕ್ಟೋರಿಯಾದ 1862ರ ರೂಪಾಯಿಗೆ ಇನ್ನೊಂದು ಎಚ್ಚರ ಬೇಕು. 1874ರವರೆಗೂ ಅದೇ ಇಸವಿ ಹಾಕಿ ಅಚ್ಚು ಮಾಡಿದ್ದರಿಂದ, ಯಾವ ಬಗೆಯದೆಂದು ತಿಳಿಯಲು ಇಸವಿಯ ಮೇಲೂ ಕೆಳಗೂ ಇರುವ ಚುಕ್ಕಿಗಳನ್ನು ಎಣಿಸಿದ ಮೇಲೇ ಬೆಲೆಯ ಮಾತು. ಲೇಬಲ್‌ನಲ್ಲಿ ಚುಕ್ಕಿಗಳ ಲೆಕ್ಕ ಇಲ್ಲದಿದ್ದರೆ ನೀವೇ ಎಣಿಸಿ.

ಬೆಲೆಗೆ ಕೇಳುವ ದರವಲ್ಲ, ಮಾರಾಟವಾದ ದರ ಮುಖ್ಯ. ಇಬೇಯಲ್ಲಿ 'ಸೋಲ್ಡ್' ಎಂದು ಆರಿಸಿ ನೋಡಿ. ಅಲ್ಲಿ ಅಡ್ಡಗೆರೆ ಹೊಡೆದ ದರವಿದ್ದರೆ ಚೌಕಾಸಿಯಲ್ಲಿ ಅದಕ್ಕಿಂತ ಕಡಿಮೆಗೆ ಹೋಗಿದೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ತೋಡಿವಾಲಾ ಹರಾಜುಗಳ ಫಲಿತಾಂಶಗಳನ್ನೂ ನೋಡಿ. ಸುತ್ತಿಗೆ ಬಿದ್ದ ಬೆಲೆಗೆ ಖರೀದಿದಾರನ ಕಮಿಷನ್, ಜಿಎಸ್‌ಟಿ, ಸಾಗಣೆ ಸೇರಿಸಿಯೇ ಹೋಲಿಸಬೇಕು. ಕಂಪನಿಯ ಎಣಿಕೆ ಪಟ್ಟಿಯಲ್ಲಿ ಅತಿ ಮೇಲಿನ ಗ್ರೇಡ್ ಎಂಬರ್ಥದ 'ಟಾಪ್ ಪಾಪ್' ಬಣ್ಣನೆಗೆ ಮರುಳಾಗಬೇಡಿ. ಗ್ರೇಡಿಂಗ್‌ಗೆ ಹೋದ ರೂಪಾಯಿಗಳನ್ನಷ್ಟೇ ಆ ಪಟ್ಟಿ ಎಣಿಸುತ್ತದೆ, ನಮ್ಮಲ್ಲಿ ಕಬ್ಬಿಣದ ಪೆಟ್ಟಿಗೆಗಳಲ್ಲಿ ಉಳಿದವು ಅದರಲ್ಲಿಲ್ಲ.

ಬಿಡಿಯಾಗಿ ಕೊಂಡು ಆಮೇಲೆ ಅಮೆರಿಕಕ್ಕೆ ಕಳಿಸಿ ಗ್ರೇಡ್ ಮಾಡಿಸುವ ಲೆಕ್ಕ ಬೇಡ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ದಾರಿಯಲ್ಲಿ ಬಿರುಕು ಬಿಟ್ಟ ಸ್ಲ್ಯಾಬ್ ಬದಲಿಸಲು ಕಳಿಸುವುದಕ್ಕೂ ಇದೇ ತೊಡಕು. ಆದ್ದರಿಂದ ಗಟ್ಟಿ ರಟ್ಟಿನ ಪೆಟ್ಟಿಗೆ, ಬಬಲ್ ಸುತ್ತು, ವಿಮೆ ಮೂರನ್ನೂ ಹಣ ಕೊಡುವ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ, ಪೊಟ್ಟಣ ಬಿಚ್ಚುವಾಗ ವಿಡಿಯೊ ಮಾಡಿ.